ಲೇಕ್ ಗಾರ್ಡನ್ಸ್‌ನಿಂದ ಬಜ್‌ಬಜ್‌ವರೆಗೆ: ಗಂಡ-ಹೆಂಡಿರ ವೀಸಾದ ಕಥೆ

ಹೋದ ಚಳಿಗಾಲದಲ್ಲಿ ಎರಡು ವಾರ ನಮ್ಮ ಮನೆಯ ಊಟದ ಮೇಜಿನ ಮೇಲೆ ಯಾರೂ ಊಟ ಮಾಡಲಿಲ್ಲ. ತಟ್ಟೆ ಇಡಲು ಜಾಗವೇ ಇರಲಿಲ್ಲ. ಮದುವೆ ಆಲ್ಬಮ್, ಲಗ್ನಪತ್ರಿಕೆ, ನೋಂದಣಿಯ ಸರ್ಟಿಫಿಕೇಟು, ಇಬ್ಬರ ಹೆಸರಿನ ಬ್ಯಾಂಕ್ ಪಾಸ್‌ಬುಕ್, ಪುರಿಗೆ ಹೋಗಿಬಂದ ರೈಲು ಟಿಕೆಟು, ಗ್ಯಾಸ್ ಬಿಲ್ಲು, ಎಲ್ಲ ಅಲ್ಲೇ ಹರಡಿಕೊಂಡಿದ್ದವು. ಮಗಳು ಲ್ಯಾಪ್‌ಟಾಪಿನ ಮುಂದೆ, ಅಳಿಯ ಸ್ಕ್ಯಾನರ್ ಪಕ್ಕದಲ್ಲಿ, ನಾನು ಇಬ್ಬರಿಗೂ ಕಾಫಿ ಸರಬರಾಜು ಮಾಡುತ್ತಾ ನಡುವೆ.

ನಮ್ಮ ಮಗಳು ಹುಟ್ಟಿದ್ದು ಅಮೆರಿಕದಲ್ಲಿ. ಹಾಗಾಗಿ ಹುಟ್ಟಿನಿಂದಲೇ ಅಲ್ಲಿನ ಪ್ರಜೆ. ಅವಳು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ಯಜಮಾನರ ಕೆಲಸದ ನಿಮಿತ್ತ ಕೋಲ್ಕತ್ತಕ್ಕೆ ಬಂದೆವು. ಎರಡು ವರ್ಷಕ್ಕೆಂದು ಬಂದವರು ಲೇಕ್ ಮಾರ್ಕೆಟ್ಟಿನ ಕರಿಬೇವು, ಕಾಫಿಪುಡಿ, ಬಾಳೆಎಲೆಗೆ ಒಗ್ಗಿಕೊಂಡು ಇಲ್ಲೇ ಉಳಿದೆವು. ಅವಳ ಓದು, ಕೆಲಸ, ಕೊನೆಗೆ ಮದುವೆ ಎಲ್ಲ ಇಲ್ಲೇ ಆಯಿತು. ಅಳಿಯ ಬಂಗಾಳಿ ಹುಡುಗ. ಈಗ ಅವಳಿಗೆ ಅಮೆರಿಕದಲ್ಲಿ ಕೆಲಸ ಸಿಕ್ಕಿದೆ. ತಾನು ಪಾಸ್‌ಪೋರ್ಟ್ ಹಿಡಿದು ನಾಳೆಯೇ ವಿಮಾನ ಹತ್ತಬಹುದು. ಗಂಡ ಹತ್ತಬೇಕಾದರೆ ಅವನಿಗೆ ವಲಸೆ ವೀಸಾ ಬೇಕು. ಅದಕ್ಕೆ ಅವಳು ಇಲ್ಲಿ ಕೂತೇ ಅರ್ಜಿ ಹಾಕಬೇಕು.

ನಮ್ಮ ಅತ್ತೆಗೆ ಎಂಬತ್ತೆರಡು. ಎರಡು ವಾರ ಈ ಸಂತೆಯನ್ನು ನೋಡಿ ನೋಡಿ ಒಂದು ದಿನ ಕೇಳಿಯೇಬಿಟ್ಟರು: "ಅಲ್ಲ ಕಣೆ, ಇನ್ನೂರು ಜನ ಬಂದು ಅಕ್ಷತೆ ಹಾಕಿ, ಉಂಡು ಹೋಗಿದ್ದಾರೆ. ಇವರಿಬ್ಬರೂ ಗಂಡ-ಹೆಂಡತಿ ಅಂತ ಇನ್ನೂ ಯಾರಿಗೆ ಪುರಾವೆ ಕೊಡಬೇಕಂತೆ?"

ಎಲ್ಲರೂ ನಕ್ಕೆವು. ಆಮೇಲೆ ಆ ಪ್ರಶ್ನೆ ನನ್ನ ತಲೆಯಿಂದ ಹೋಗಲಿಲ್ಲ. ಯಾರು, ಯಾವಾಗಿನಿಂದ, ಯಾಕೆ ಈ ಪುರಾವೆ ಕೇಳಲು ಶುರುಮಾಡಿದರು ಎಂದು ಹುಡುಕುತ್ತಾ ಹೋದೆ. ದೂರದ ದೇಶಗಳ ಕಥೆಯೆಂದುಕೊಂಡಿದ್ದೆ. ಅದು ನಮ್ಮ ಮನೆಯ ಹಿಂದಿನ ರೈಲು ಹಳಿಯವರೆಗೂ ಬಂದು ನಿಂತಿತು. ಅದನ್ನೇ ನಮ್ಮ ಮಹಿಳಾ ವೇದಿಕೆಯ ಗೆಳತಿಯರ ಜೊತೆ ಹಂಚಿಕೊಳ್ಳುತ್ತಿದ್ದೇನೆ.

ಕಲ್ಕತ್ತೆಯಲ್ಲಿ ಸಿಗದ ಟಿಕೆಟು

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಪಂಜಾಬಿನ ಕೆಲವು ಸಾವಿರ ಗಂಡಸರು ಕೆನಡಾದ ಪಶ್ಚಿಮ ಕರಾವಳಿಗೆ ಹೋಗಿ ಮರದ ಮಿಲ್ಲುಗಳಲ್ಲಿ, ರೈಲು ದಾರಿಯ ಕೆಲಸದಲ್ಲಿ ದುಡಿಯುತ್ತಿದ್ದರು. ಭಾರತವೂ ಕೆನಡಾವೂ ಬ್ರಿಟಿಷ್ ಸಾಮ್ರಾಜ್ಯದ ಒಳಗೇ ಇದ್ದುದರಿಂದ ಇವರನ್ನು "ಬರಬೇಡಿ" ಎಂದು ನೇರವಾಗಿ ಹೇಳುವಂತಿರಲಿಲ್ಲ. ಅದಕ್ಕೆ ಕೆನಡಾ 1908ರಲ್ಲಿ ಒಂದು ಉಪಾಯ ಹೂಡಿತು. ಹುಟ್ಟಿದ ದೇಶದಿಂದ ಎಲ್ಲೂ ಇಳಿಯದೆ ಒಂದೇ ಟಿಕೆಟ್ಟಿನಲ್ಲಿ ಬಂದವರಿಗೆ ಮಾತ್ರ ಪ್ರವೇಶ. ಜೊತೆಗೆ ಕೈಯಲ್ಲಿ 200 ಡಾಲರ್ ಇರಬೇಕು. ಓದಲು ಎಲ್ಲರಿಗೂ ಅನ್ವಯಿಸುವ ನಿಯಮ. ಆದರೆ ಕಲ್ಕತ್ತೆಯಿಂದ ವ್ಯಾಂಕೂವರ್‌ಗೆ ಅಂಥ ಟಿಕೆಟ್ ಮಾರುತ್ತಿದ್ದ ಹಡಗು ಕಂಪನಿಗೆ ಅದನ್ನು ನಿಲ್ಲಿಸುವಂತೆ ಸರ್ಕಾರವೇ ಹೇಳಿತ್ತು. ಬಾಗಿಲು ತೆರೆದೇ ಇದೆ, ಮೆಟ್ಟಿಲು ಮಾತ್ರ ತೆಗೆದಿದ್ದೇವೆ ಎಂದ ಹಾಗೆ.

ಈ ಮೆಟ್ಟಿಲಿಲ್ಲದ ಬಾಗಿಲಿನ ಮುಂದೆ ಬಂದು ನಿಂತವರಲ್ಲಿ ಹರ್ನಾಮ್ ಕೌರ್ ಮತ್ತು ಕರ್ತಾರ್ ಕೌರ್ ಎಂಬ ಇಬ್ಬರು ಹೆಂಗಸರಿದ್ದರು. ಹರ್ನಾಮ್ ಕೌರ್ ಗಂಡ ಭಾಗ್ ಸಿಂಗ್ ವ್ಯಾಂಕೂವರಿನ ಖಾಲ್ಸಾ ದಿವಾನ್ ಸೊಸೈಟಿಯ ಮುಖಂಡ. ಕರ್ತಾರ್ ಕೌರ್ ಗಂಡ ಬಲವಂತ್ ಸಿಂಗ್ ಅಲ್ಲಿನ ಗುರುದ್ವಾರದ ಗ್ರಂಥಿ. ಇಬ್ಬರೂ ಆಗಲೇ ಕೆನಡಾದ ನಿವಾಸಿಗಳು. ಹೆಂಡತಿ ಮಕ್ಕಳನ್ನು ಕರೆದೊಯ್ಯಲು ಊರಿಗೆ ಬಂದು, ಸಂಸಾರ ಸಮೇತ ಕಲ್ಕತ್ತೆಗೆ ಬಂದರು. ಇಲ್ಲಿ ಯಾವ ಕಂಪನಿಯೂ ಅವರಿಗೆ ವ್ಯಾಂಕೂವರಿನ ಟಿಕೆಟ್ ಕೊಡಲಿಲ್ಲ. ಹಾಂಗ್‌ಕಾಂಗ್‌ಗೆ ಹೋಗಿ ಅಲ್ಲಿ ಬಹಳ ಕಾಲ ಕಾದರು. ಅಂತೂ 1912ರ ಜನವರಿಯಲ್ಲಿ 'ಮಾಂಟೀಗಲ್' ಹಡಗಿನಲ್ಲಿ ವ್ಯಾಂಕೂವರ್ ತಲುಪಿದರು.

ಗಂಡಸರನ್ನು ಹಳೆಯ ನಿವಾಸಿಗಳೆಂದು ಇಳಿಯಲು ಬಿಟ್ಟರು. ಹೆಂಡತಿ ಮಕ್ಕಳನ್ನು ವಾಪಸು ಕಳಿಸಬೇಕೆಂದು ಆಜ್ಞೆ ಹೊರಟಿತು. ಜಾಮೀನು, ವಕೀಲರು, ಒಟ್ಟಾವಾಕ್ಕೆ ನಿಯೋಗ, ಅಲ್ಲಿನ ಪತ್ರಿಕೆಗಳಲ್ಲಿ ಚರ್ಚೆ, ಎಲ್ಲ ಆಯಿತು. ಕೊನೆಗೆ ಆ ವರ್ಷದ ಮೇ ತಿಂಗಳಲ್ಲಿ ಸರ್ಕಾರ ಅವರಿಗೆ ಉಳಿಯಲು ಅನುಮತಿ ಕೊಟ್ಟಿತು. ಕೊಟ್ಟ ರೀತಿ ಮುಖ್ಯ. "ಇದು ಕೃಪೆ, ಇದನ್ನು ಮುಂದಿನವರಿಗೆ ನಿದರ್ಶನವಾಗಿ ತೆಗೆದುಕೊಳ್ಳಬಾರದು" ಎಂಬ ಅರ್ಥದ ಆದೇಶ ಅದು. ಹೆಂಡತಿ ಗಂಡನ ಜೊತೆ ಇರುವುದು ಅವಳ ಹಕ್ಕಲ್ಲ, ಸರ್ಕಾರದ ದಯೆ. ಗೆಳತಿಯರೇ, ಮುಂದಿನ ನೂರು ವರ್ಷದ ಕಥೆಯೆಲ್ಲ ಈ ಎರಡು ಪದಗಳ ನಡುವಿನ ಜಗ್ಗಾಟವೇ: ದಯೆಯೋ, ಹಕ್ಕೋ?

ಹರ್ನಾಮ್ ಕೌರ್ ಅಷ್ಟು ಕಷ್ಟಪಟ್ಟು ಸೇರಿದ ಊರಿನಲ್ಲಿ ಹೆಚ್ಚು ಕಾಲ ಬಾಳಲಿಲ್ಲ. 1914ರ ಆರಂಭದಲ್ಲಿ ಹೆರಿಗೆಯ ನಂತರ ತೀರಿಕೊಂಡಳು.

ಬಜ್‌ಬಜ್ ಲೋಕಲ್

ನಮ್ಮ ಮನೆಗೂ ಲೇಕ್ ಗಾರ್ಡನ್ಸ್ ಸ್ಟೇಷನ್ನಿಗೂ ಕೂಗಳತೆಯ ದೂರ. ಸಿಯಾಲ್ದಾದಿಂದ ಹೊರಟ ಲೋಕಲ್ ಬಾಲಿಗಂಜ್‌ನಲ್ಲಿ ಕವಲು ಹಿಡಿದು, ನಮ್ಮ ಸ್ಟೇಷನ್, ಟಾಲಿಗಂಜ್, ನ್ಯೂ ಅಲಿಪುರ, ಮಾಜೇರ್‌ಹಾಟ್ ದಾಟಿ ಹೂಗ್ಲಿ ದಡದ ಬಜ್‌ಬಜ್‌ಗೆ ಹೋಗುತ್ತದೆ. ಆ ಕೊನೆಯ ಸ್ಟೇಷನ್ನಿನ ಹೆಸರು ಈಗ 'ಕೊಮಗಾಟ ಮಾರು ಬಜ್‌ಬಜ್'. ವರ್ಷಗಟ್ಟಲೆ ಆ ರೈಲಿನ ಸದ್ದು ಕೇಳಿದ್ದೇನೆ. ಹೆಸರಿನ ಹಿಂದೆ ಏನಿದೆ ಎಂದು ನೋಡಿದ್ದು ಈಗಲೇ.

ಕೆನಡಾದ ಆ ನಿಯಮವನ್ನು ಪರೀಕ್ಷಿಸಿಯೇ ನೋಡೋಣ ಎಂದು ಗುರ್ದಿತ್ ಸಿಂಗ್ 1914ರಲ್ಲಿ ಜಪಾನಿನ 'ಕೊಮಗಾಟ ಮಾರು' ಹಡಗನ್ನು ಬಾಡಿಗೆಗೆ ಹಿಡಿದರು. ಅದರಲ್ಲಿ 376 ಪ್ರಯಾಣಿಕರಿದ್ದರು. ಹೆಚ್ಚಿನವರು ಸಿಖ್ಖರು, ಜೊತೆಗೆ ಮುಸ್ಲಿಮರು, ಹಿಂದೂಗಳು. ಹೆಂಗಸರು ಬೆರಳೆಣಿಕೆಯಷ್ಟು. ಮೇ 23ರಂದು ವ್ಯಾಂಕೂವರ್ ಮುಟ್ಟಿದ ಹಡಗನ್ನು ಎರಡು ತಿಂಗಳು ನೀರಿನಲ್ಲೇ ನಿಲ್ಲಿಸಿಕೊಂಡು, ಇಪ್ಪತ್ತನಾಲ್ಕು ಜನರನ್ನು ಮಾತ್ರ ಇಳಿಸಿಕೊಂಡು, ಉಳಿದವರನ್ನು ಜುಲೈ 23ರಂದು ವಾಪಸು ಅಟ್ಟಿದರು. ಹಡಗು ಸೆಪ್ಟೆಂಬರ್ ಕೊನೆಗೆ ಬಜ್‌ಬಜ್‌ಗೆ ಬಂತು. ಅಲ್ಲಿ ಪೊಲೀಸರು ವಿಶೇಷ ರೈಲು ಸಿದ್ಧಮಾಡಿಕೊಂಡು, ನೇರ ಪಂಜಾಬಿಗೆ ಹತ್ತಿರಿ ಎಂದರು. ಹೆಚ್ಚಿನವರು ಒಪ್ಪದೆ ಗುರು ಗ್ರಂಥ ಸಾಹೇಬವನ್ನು ಹೊತ್ತು ಕಲ್ಕತ್ತೆಯ ಕಡೆ ನಡೆದರು. ಅವರನ್ನು ದಾರಿಯಲ್ಲೇ ತಡೆದು ಹಿಂದಕ್ಕೆ ಕರೆತಂದರು. ಸೆಪ್ಟೆಂಬರ್ 29ರಂದು ಸ್ಟೇಷನ್ನಿನ ಬಳಿ ಗೋಲಿಬಾರ್ ನಡೆದು ಸುಮಾರು ಇಪ್ಪತ್ತು ಪ್ರಯಾಣಿಕರು ಸತ್ತರು.

ಆಗ ಲೇಕ್ ಗಾರ್ಡನ್ಸ್ ಇರಲಿಲ್ಲ, ಲೇಕೂ ಇರಲಿಲ್ಲ. ಈಗಿನ ರವೀಂದ್ರ ಸರೋವರವನ್ನು ತೋಡಿದ್ದೇ 1920ರ ದಶಕದಲ್ಲಿ. ಹಳಿ ಮಾತ್ರ ಇತ್ತು. ಆ ವಿಶೇಷ ರೈಲಿಗೆಂದು ಕಾದಿದ್ದ ದಾರಿಯ ಪಕ್ಕದಲ್ಲೇ ಕೂತು ನನ್ನ ಮಗಳು ತನ್ನ ಗಂಡನ ಅರ್ಜಿ ತುಂಬುತ್ತಿದ್ದಳು.

"ನೀನು ನನ್ನ ಹೆಂಡತಿಯಲ್ಲವಂತೆ"

ಕೆನಡಾ ಟಿಕೆಟ್ಟಿನ ನೆಪ ಹೇಳಿದರೆ ಅದೇ ಕಾಲದಲ್ಲಿ ದಕ್ಷಿಣ ಆಫ್ರಿಕಾ ಮದುವೆಯ ಬುಡಕ್ಕೇ ಕೈ ಹಾಕಿತು. ಬಾಯಿ ಮರಿಯಂ ಎಂಬ ಮುಸ್ಲಿಂ ಮಹಿಳೆ ಅಲ್ಲಿ ನೆಲೆಸಿದ್ದ ಗಂಡ ಹಸನ್ ಎಸೋಪ್‌ನನ್ನು ಸೇರಲು ಭಾರತದಿಂದ ಹೋದಾಗ ಅಧಿಕಾರಿಗಳು ಇಳಿಯಗೊಡಲಿಲ್ಲ. ಮೊಕದ್ದಮೆ ಕೇಪ್ ಪ್ರಾಂತ್ಯದ ನ್ಯಾಯಾಲಯಕ್ಕೆ ಹೋಯಿತು. 1913ರ ಮಾರ್ಚ್ 14ರಂದು ನ್ಯಾಯಮೂರ್ತಿ ಸರ್ಲ್ ಕೊಟ್ಟ ತೀರ್ಪು ಭಾರತೀಯರನ್ನೆಲ್ಲ ಬೆಚ್ಚಿಬೀಳಿಸಿತು. ಬಹುಪತ್ನಿತ್ವಕ್ಕೆ ಅವಕಾಶವಿರುವ ಧರ್ಮದ ಪ್ರಕಾರ ಆದ ಮದುವೆಯನ್ನು ಅಲ್ಲಿನ ಕಾನೂನು ಮದುವೆಯೆಂದು ಒಪ್ಪುವುದಿಲ್ಲ ಎಂದು ಅದರ ತಾತ್ಪರ್ಯ. ಗಂಡನಿಗೆ ಒಬ್ಬಳೇ ಹೆಂಡತಿ ಇದ್ದರೂ ಅಷ್ಟೇ. ಅಂದರೆ ಅಲ್ಲಿದ್ದ ಹಿಂದೂ, ಮುಸ್ಲಿಂ ಹೆಂಗಸರೆಲ್ಲ ಒಂದೇ ದಿನದಲ್ಲಿ ಕಾನೂನಿನ ಕಣ್ಣಿಗೆ ಹೆಂಡತಿಯರಲ್ಲದವರಾದರು.

ಗಾಂಧೀಜಿ ಈ ಸುದ್ದಿಯನ್ನು ಕಸ್ತೂರಬಾಗೆ ಹೇಳಿದ್ದು, ಬಾ ತಾವೂ ಜೈಲಿಗೆ ಹೋಗಲು ಸಿದ್ಧ ಎಂದದ್ದು ನಮ್ಮಲ್ಲಿ ಅನೇಕರಿಗೆ ಗೊತ್ತು. ಆ ಸೆಪ್ಟೆಂಬರಿನಲ್ಲಿ ಫೀನಿಕ್ಸ್ ಆಶ್ರಮದ ಒಂದು ಸಣ್ಣ ತಂಡ ಪರವಾನಗಿಯಿಲ್ಲದೆ ನಟಾಲ್ ಗಡಿ ದಾಟಿತು. ಬಾ ಸೇರಿ ನಾಲ್ವರು ಮಹಿಳೆಯರು ಅದರಲ್ಲಿದ್ದರು. ಎಲ್ಲರಿಗೂ ಮೂರು ತಿಂಗಳ ಕಠಿಣ ಸಜೆಯಾಯಿತು. ಹದಿನಾರರ ತಮಿಳು ಹುಡುಗಿ ವಳ್ಳಿಯಮ್ಮ ಜೈಲಿನಿಂದ ಜ್ವರ ಹೊತ್ತು ಬಂದು 1914ರ ಫೆಬ್ರವರಿಯಲ್ಲಿ ತೀರಿಕೊಂಡಳು. ಅದೇ ವರ್ಷ ಬಂದ ಭಾರತೀಯರ ಪರಿಹಾರ ಕಾಯ್ದೆ ಒಬ್ಬಳೇ ಹೆಂಡತಿಯಿರುವ ಮದುವೆಗಳನ್ನು ಮಾನ್ಯ ಮಾಡಿತು.

ನಾವು ಈ ಹೋರಾಟವನ್ನು ಸತ್ಯಾಗ್ರಹದ ಪಾಠವಾಗಿ ಓದಿದ್ದೇವೆ. ಅದು ಹೆಂಡತಿಯರ ವೀಸಾ ಹೋರಾಟವೂ ಹೌದು ಎಂದು ನನಗೆ ಹೊಳೆದದ್ದು ಆ ಊಟದ ಮೇಜಿನ ಪಕ್ಕದಲ್ಲಿ.

ಒಬ್ಬ ಹೆಂಡತಿ, ಒಂದು ಪ್ರಮಾಣಪತ್ರ

ಕಲ್ಕತ್ತೆಯ ಲಾರ್ಡ್ ಸಿನ್ಹಾ ರಸ್ತೆ ಇಲ್ಲಿನ ಕನ್ನಡಿಗರಿಗೆಲ್ಲ ಪರಿಚಿತ. ಬೀರಭೂಮ್ ಜಿಲ್ಲೆಯ ರಾಯಪುರದವರಾದ ಸತ್ಯೇಂದ್ರ ಪ್ರಸನ್ನ ಸಿನ್ಹಾ ಇಲ್ಲಿ ದೊಡ್ಡ ಬ್ಯಾರಿಸ್ಟರ್ ಆಗಿದ್ದರು. ಮೊದಲ ಮಹಾಯುದ್ಧದಲ್ಲಿ ಲಕ್ಷಾಂತರ ಭಾರತೀಯ ಸೈನಿಕರು ಸಾಮ್ರಾಜ್ಯಕ್ಕಾಗಿ ಹೋರಾಡುತ್ತಿದ್ದಾಗ, ಅವರ ಅಣ್ಣತಮ್ಮಂದಿರು ಅದೇ ಸಾಮ್ರಾಜ್ಯದ ಇನ್ನೊಂದು ಭಾಗದಲ್ಲಿ ಹೆಂಡತಿ ಮಕ್ಕಳ ಜೊತೆ ಬಾಳಲು ಆಗುತ್ತಿರಲಿಲ್ಲ. 1918ರಲ್ಲಿ ಲಂಡನ್ನಿನ ಇಂಪೀರಿಯಲ್ ವಾರ್ ಕಾನ್ಫರೆನ್ಸಿನಲ್ಲಿ ಭಾರತದ ಪರವಾಗಿ ಸಿನ್ಹಾ ಈ ವಿಷಯ ಎತ್ತಿದರು. ಅಲ್ಲಿ ಆದ ನಿರ್ಣಯ ಹೀಗೆ: ಸಾಮ್ರಾಜ್ಯದ ಬೇರೆ ದೇಶಗಳಲ್ಲಿ ಆಗಲೇ ಕಾಯಂ ನೆಲೆಸಿರುವ ಭಾರತೀಯರು ಹೆಂಡತಿ ಮತ್ತು ಅಪ್ರಾಪ್ತ ಮಕ್ಕಳನ್ನು ಕರೆಸಿಕೊಳ್ಳಬಹುದು. ಷರತ್ತು ಎರಡು. ಒಬ್ಬನಿಗೆ ಒಬ್ಬಳೇ ಹೆಂಡತಿ. ಅವಳು ಅವನ ಕಾನೂನುಬದ್ಧ ಹೆಂಡತಿಯೆಂದು ಭಾರತ ಸರ್ಕಾರ ಪ್ರಮಾಣಪತ್ರ ಕೊಡಬೇಕು.

ನಮ್ಮತ್ತೆಯ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿದೆ. ಅಕ್ಷತೆ ಹಾಕಿದವರ ಸಾಕ್ಷಿ ಸಾಲದಾಗಿ, ಸರ್ಕಾರದ ಮುದ್ರೆಯಿರುವ ಕಾಗದ ಬೇಕಾಗಿ ಬಂತು. ಕೆನಡಾ ಮರುವರ್ಷ ಇದನ್ನು ಜಾರಿಗೆ ತಂದಿತು. ಆದರೆ ಹಳ್ಳಿಯ ಹೆಂಗಸು ಆ ಕಾಗದವನ್ನು ಎಲ್ಲಿಂದ ತರಬೇಕು? ಆ ಕಾಲಕ್ಕೆ ನಮ್ಮಲ್ಲಿ ಹೆಚ್ಚಿನ ಮದುವೆಗಳಿಗೆ ನೋಂದಣಿಯೇ ಇರಲಿಲ್ಲ. ಹೀಗಾಗಿ ಬಹುಕಾಲ ಕೆನಡಾ ಸೇರಿದ ಭಾರತೀಯ ಹೆಂಗಸರು ಬಹಳ ಕಡಿಮೆ. ಒಂದು ತಲೆಮಾರಿನ ಹೆಂಡತಿಯರು ಮನಿಆರ್ಡರ್, ಕಾಗದಗಳ ಮೇಲೆಯೇ ಬದುಕು ಕಳೆದರು.

ಪುರೋಹಿತರ ಬದಲು ನೋಂದಣಿಯಿಂದಲೇ ಮದುವೆಯಾಗಬಹುದೆಂಬ 1872ರ ಕಾಯ್ದೆ ಬಂದದ್ದೂ ಇದೇ ಊರಿನ ಕೇಶವಚಂದ್ರ ಸೇನ್ ಮತ್ತು ಅವರ ಬ್ರಹ್ಮ ಸಮಾಜದ ಒತ್ತಾಯದಿಂದ. 1954ರ ವಿಶೇಷ ವಿವಾಹ ಕಾಯ್ದೆ ಅದರ ಜಾಗಕ್ಕೆ ಬಂತು. ಮಗಳು ಅಳಿಯನ ಸರ್ಟಿಫಿಕೇಟು ಆ ಕಾಯ್ದೆಯದೇ. ಕರ್ನಾಟಕದಲ್ಲಿ ಮದುವೆ ನೋಂದಣಿಗೆಂದೇ 1976ರ ಕಾಯ್ದೆಯಿದೆ. ದೇಶದಲ್ಲೆಲ್ಲ ನೋಂದಣಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2006ರಲ್ಲಿ.

ಅಮೆರಿಕ: 'ಹೆಂಡತಿ' ಹೋಗಿ 'ಸಂಗಾತಿ' ಬಂದದ್ದು

ಇನ್ನು ನಮ್ಮ ಕಡತ ಹೋಗಬೇಕಾದ ಅಮೆರಿಕಕ್ಕೆ ಬರೋಣ. 1917ರ ಕಾನೂನು ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗವನ್ನು ನಿಷೇಧಿತ ವಲಯ ಮಾಡಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಭಾರತೀಯರು ಅಮೆರಿಕದ ಪೌರರಾಗಲು ಅನರ್ಹರೆಂದಿತು.

ಇದರ ಏಟು ಹೆಂಗಸಿಗೆ ಹೇಗೆ ಬಿತ್ತು ನೋಡಿ. 1922ರ ಕೇಬಲ್ ಕಾಯ್ದೆಯ ಪ್ರಕಾರ, ಪೌರತ್ವಕ್ಕೆ ಅನರ್ಹನಾದವನನ್ನು ಮದುವೆಯಾದ ಅಮೆರಿಕದ ಮಹಿಳೆ ತನ್ನ ಪೌರತ್ವವನ್ನೇ ಕಳೆದುಕೊಳ್ಳಬೇಕಿತ್ತು. ಕಲ್ಕತ್ತೆಯ ಹತ್ತಿರದ 24 ಪರಗಣದಲ್ಲಿ ಹುಟ್ಟಿ, ಕ್ರಾಂತಿಕಾರಿಯಾಗಿ ಅಮೆರಿಕ ಸೇರಿದ ತಾರಕನಾಥ ದಾಸ್ 1924ರಲ್ಲಿ ಮೇರಿ ಕೀಟಿಂಗ್ ಮೋರ್ಸ್ ಎಂಬಾಕೆಯನ್ನು ಮದುವೆಯಾದರು. ಅಮೆರಿಕದಲ್ಲೇ ಹುಟ್ಟಿ ಬೆಳೆದ ಮೇರಿ ಇದರಿಂದ ದೇಶವಿಲ್ಲದವರಾದರು. ಸುಮ್ಮನೆ ಕೂರದೆ 1926ರಲ್ಲಿ 'ದಿ ನೇಷನ್' ಪತ್ರಿಕೆಯಲ್ಲಿ ತಮ್ಮ ಕಥೆ ಬರೆದರು. 1931ರಲ್ಲಿ ಆ ನಿಯಮ ರದ್ದಾಯಿತು. ಗಂಡನಿಗೆ ವೀಸಾ ಕೊಡುವುದಿರಲಿ, ಗಂಡನ ದೆಸೆಯಿಂದ ಹೆಂಡತಿಯೇ ತನ್ನ ನೆಲದಲ್ಲಿ ಪರಕೀಯಳಾದ ಕಾಲ ಅದು.

1946ರ ಲೂಸ್-ಸೆಲ್ಲರ್ ಕಾಯ್ದೆ ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದು ವರ್ಷಕ್ಕೆ 100 ಜನರ ಕೋಟಾ ಕೊಟ್ಟಿತು. ಇಡೀ ಭಾರತಕ್ಕೆ ನೂರು! 1952ರ ಕಾಯ್ದೆಯಲ್ಲಿ ಒಂದು ಸಣ್ಣ, ಆದರೆ ನಮ್ಮಂಥವರಿಗೆ ದೊಡ್ಡ ಬದಲಾವಣೆಯಾಯಿತು. ಅದುವರೆಗೆ 'ಹೆಂಡತಿ'ಗೆ ಸುಲಭವಾಗಿ ಸಿಗುತ್ತಿದ್ದ ಸ್ಥಾನ ಅಮೆರಿಕದ ಮಹಿಳೆಯ ಗಂಡನಿಗೆ ಸರಿಸಮನಾಗಿ ಸಿಗುತ್ತಿರಲಿಲ್ಲ. ಗಂಡ ಇರುವಲ್ಲಿಗೆ ಹೆಂಡತಿ ಬರಬೇಕು, ಹೆಂಡತಿಯ ದೇಶಕ್ಕೆ ಗಂಡ ಯಾಕೆ ಬರುತ್ತಾನೆ ಎಂಬ ಭಾವನೆ. 1952ರಲ್ಲಿ ಗಂಡು-ಹೆಣ್ಣಿನ ಭೇದವಿಲ್ಲದ 'ಸಂಗಾತಿ' ಎಂಬ ಪದ ಬಂತು. ನನ್ನ ಮಗಳು ಗಂಡನಿಗಾಗಿ ಅರ್ಜಿ ಹಾಕಲು ಸಾಧ್ಯವಾಗಿರುವುದು ಆ ಪದದಿಂದ.

1965ರ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ ಕಾನೂನು ಮೂಲದೇಶದ ಕೋಟಾ ಪದ್ಧತಿಯನ್ನೇ ತೆಗೆಯಿತು. ಪ್ರಜೆಯ ಗಂಡ ಅಥವಾ ಹೆಂಡತಿಗೆ ಅದರಲ್ಲೂ ಸಂಖ್ಯೆಯ ಮಿತಿ ಇರಲಿಲ್ಲ. ನಮ್ಮ ಡಾಕ್ಟರು, ಇಂಜಿನಿಯರು ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ಅಲ್ಲಿ ನೆಲೆಸಿ ಕನ್ನಡ ಕೂಟಗಳನ್ನು ಕಟ್ಟಿದ್ದು ಇದರ ನಂತರ. ರಜಕ್ಕೆ ಊರಿಗೆ ಬಂದು ಮದುವೆಯಾಗಿ, ಹೆಂಡತಿಯನ್ನು ತವರಲ್ಲಿ ಬಿಟ್ಟು ಹೋಗಿ, ಏರೋಗ್ರಾಮಿನಲ್ಲಿ ಸಂಸಾರ ನಡೆಸಿದವರು ನಮ್ಮ ಬಳಗದಲ್ಲೇ ಎಷ್ಟು ಜನ! ಆ ನೀಲಿ ಕಾಗದಗಳನ್ನು ಇನ್ನೂ ಇಟ್ಟುಕೊಂಡ ಅಕ್ಕಂದಿರು ಇದನ್ನು ಓದುತ್ತಿದ್ದರೆ, ನಿಮ್ಮ ಕಥೆಯನ್ನೂ ಬರೆದಿಡಿ. ಚರಿತ್ರೆಯೆಂದರೆ ಅದೂ ಹೌದು.

ಇಂಗ್ಲೆಂಡಿನ ಎರಡು ನೆನಪು

ಕಾನೂನು ಸುಧಾರಿಸಿದರೆ ಕಷ್ಟ ಮುಗಿಯಿತು ಎನ್ನುವಂತಿಲ್ಲ. ಅದಕ್ಕೆ ಇಂಗ್ಲೆಂಡೇ ಸಾಕ್ಷಿ. 1979ರ ಜನವರಿಯಲ್ಲಿ ಮದುವೆಯಾಗಲೆಂದು ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಳಿದ 35 ವರ್ಷದ ಭಾರತೀಯ ಶಿಕ್ಷಕಿಯೊಬ್ಬರನ್ನು, ಆಕೆ ಹೇಳುತ್ತಿರುವುದು ನಿಜವೇ ಎಂದು ತಿಳಿಯುವ ನೆಪದಲ್ಲಿ ಕನ್ಯತ್ವ ಪರೀಕ್ಷೆಗೆ ಒಳಪಡಿಸಿದರು. ಪತ್ರಿಕೆಯಲ್ಲಿ ಸುದ್ದಿಯಾಗಿ, ಭಾರತ ಪ್ರತಿಭಟಿಸಿದ ಮೇಲೆ ಆ ಪದ್ಧತಿ ನಿಂತಿತು. ಭಾರತ ಉಪಖಂಡದ ಕನಿಷ್ಠ 80 ಹೆಂಗಸರಿಗೆ ಹೀಗೆ ಮಾಡಲಾಗಿತ್ತೆಂದು 2011ರಲ್ಲಿ ಹೊರಬಂದ ಹಳೆಯ ಕಡತಗಳು ತಿಳಿಸಿದವು. ಪುರಾವೆ ಕೇಳುವವರ ಕೈ ಕಾಗದವನ್ನು ದಾಟಿ ಮೈಯವರೆಗೂ ಹೋದ ಕಥೆ ಇದು.

ಇನ್ನೊಂದು 1985ರದು. ಬ್ರಿಟನ್ನಿನಲ್ಲಿ ನೆಲೆಸಿದ ಗಂಡಸು ಹೆಂಡತಿಯನ್ನು ಕರೆಸಿಕೊಳ್ಳುವುದು ಸುಲಭ, ಹೆಂಗಸು ಗಂಡನನ್ನು ಕರೆಸಿಕೊಳ್ಳುವುದು ಕಷ್ಟ ಎಂಬಂತಿತ್ತು ನಿಯಮ. ಅಬ್ದುಲಜೀಜ್, ಕಬಾಲೆಸ್, ಬಾಲ್ಕಂಡಲಿ ಎಂಬ ಮೂವರು ಮಹಿಳೆಯರು ಯುರೋಪಿನ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋಗಿ, ಇದು ಲಿಂಗ ತಾರತಮ್ಯವೆಂದು ಗೆದ್ದರು. ಸರ್ಕಾರ ಏನು ಮಾಡಿತು ಗೊತ್ತೇ? ಗಂಡಂದಿರಿಗೆ ಸಡಿಲಿಸುವ ಬದಲು ಹೆಂಡತಿಯರಿಗೂ ಅಷ್ಟೇ ಬಿಗಿ ಮಾಡಿತು! ಸಮಾನತೆ ಬಂತು, ಸುಖ ಬರಲಿಲ್ಲ.

ನಮ್ಮ ಮೇಜಿನ ಮೇಲಿನ ಕಡತ

ಈಗ ಇಂದಿನ ದಾರಿ. ಇದೇ ಸ್ಥಿತಿಯಲ್ಲಿರುವ ಗೆಳತಿಯರಿಗೆ ಉಪಯೋಗವಾಗಲೆಂದು ಚಿಕ್ಕದಾಗಿ ಹೇಳುತ್ತೇನೆ.

ಅಮೆರಿಕಕ್ಕೂ ಈ ಊರಿಗೂ ಹಳೆಯ ನಂಟು. ಜಾರ್ಜ್ ವಾಷಿಂಗ್ಟನ್ 1792ರಲ್ಲೇ ಬೆಂಜಮಿನ್ ಜಾಯ್ ಎಂಬುವರನ್ನು ಕಲ್ಕತ್ತೆಯ ಕಾನ್ಸುಲ್ ಆಗಿ ನೇಮಿಸಿದ್ದರು. ಈಸ್ಟ್ ಇಂಡಿಯಾ ಕಂಪನಿ ಅವರನ್ನು ಕಾನ್ಸುಲ್ ಎಂದು ಒಪ್ಪದೆ ಬರೀ ವ್ಯಾಪಾರದ ಏಜೆಂಟ್ ಆಗಿ ಇರಗೊಟ್ಟಿತು. ಅವರಿಗೂ ಕಾಗದ ಸಾಲಲಿಲ್ಲ ನೋಡಿ! ಇಂದಿಗೂ ಹೋ ಚಿ ಮಿನ್ ಸರಣಿಯಲ್ಲಿ ಅಮೆರಿಕದ ಕಾನ್ಸುಲೇಟ್ ಇದೆ. ಪ್ರವಾಸಕ್ಕೆ, ಓದಿಗೆ ಹೋಗುವವರು ಅಲ್ಲಿಗೆ ಹೋಗುತ್ತಾರೆ. ಗಂಡ-ಹೆಂಡತಿಯ ವಲಸೆ ವೀಸಾಕ್ಕೆ ಮಾತ್ರ ಸಂದರ್ಶನ ಮುಂಬಯಿಯಲ್ಲಿ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಹೊಸ ಕಾನ್ಸುಲೇಟ್ ಉದ್ಘಾಟನೆಯಾದಾಗ ನಮ್ಮವರೆಲ್ಲ ಸಂತೋಷಪಟ್ಟರು. ಅದರಿಂದ ಈ ವಲಸೆ ವೀಸಾದ ದಾರಿ ಬದಲಾಗಲಿಲ್ಲ.

ಮೊದಲ ಹೆಜ್ಜೆ ಐ-130 ಎಂಬ ಅರ್ಜಿ. "ಇವನು ನನ್ನ ಗಂಡ, ನಮ್ಮ ಮದುವೆ ನಿಜ" ಎಂದು ಪ್ರಜೆಯಾದವಳು ಹೇಳುವ ಅರ್ಜಿ ಇದು. ಮೊದಲು ಹೊರದೇಶಗಳಲ್ಲಿದ್ದ ಅವರ ವಲಸೆ ಇಲಾಖೆಯ ಕಚೇರಿಗಳಲ್ಲೇ ಇದನ್ನು ಕೊಡಬಹುದಿತ್ತು. 2020ರ ಫೆಬ್ರವರಿಯಿಂದ ಅದು ನಿಂತಿದೆ. ಈಗ ಆನ್‌ಲೈನಿನಲ್ಲಿ ಅಥವಾ ಅಂಚೆಯಲ್ಲಿ ಅಮೆರಿಕಕ್ಕೇ ಕಳಿಸಬೇಕು. ತುರ್ತು ಕಾಯಿಲೆಯಂಥ ವಿಶೇಷ ಸಂದರ್ಭಗಳಲ್ಲಿ ಮಾತ್ರ ಕಾನ್ಸುಲೇಟ್ ತೆಗೆದುಕೊಳ್ಳಬಹುದು. ಅರ್ಜಿ ಮಂಜೂರಾದ ಮೇಲೆ ಕಡತ ನ್ಯೂ ಹ್ಯಾಂಪ್‌ಶೈರ್‌ನ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಶುಲ್ಕ, ಡಿಎಸ್-260 ಅರ್ಜಿ, ಜನನ ಮತ್ತು ಮದುವೆ ಪ್ರಮಾಣಪತ್ರ, ಪೊಲೀಸ್ ಪ್ರಮಾಣಪತ್ರ. ಕೊನೆಗೆ ಗೊತ್ತುಮಾಡಿದ ಡಾಕ್ಟರಲ್ಲಿ ವೈದ್ಯಕೀಯ ಪರೀಕ್ಷೆ, ಸಂದರ್ಶನ.

ಹೊರದೇಶದಲ್ಲಿ ಇದ್ದು ಅರ್ಜಿ ಹಾಕುವವರು ಎಡವುವುದು ಐ-864ರಲ್ಲಿ. ಬರುವ ಸಂಗಾತಿಯನ್ನು ನಾನು ಸಾಕುತ್ತೇನೆ ಎಂಬ ಮುಚ್ಚಳಿಕೆ ಅದು. ಆದಾಯ ಅಲ್ಲಿನ ಬಡತನ ರೇಖೆಯ ಶೇ 125ರಷ್ಟಾದರೂ ಇರಬೇಕು. ಇಲ್ಲಿನ ಸಂಬಳ ಅಲ್ಲಿಗೆ ಹೋದ ಮೇಲೂ ಅದೇ ಮೂಲದಿಂದ ಮುಂದುವರಿಯದಿದ್ದರೆ ಲೆಕ್ಕಕ್ಕಿಲ್ಲ. ಆಗ ಅಲ್ಲಿರುವ ಬಂಧುವೋ ಸ್ನೇಹಿತರೋ ಜಂಟಿ ಜವಾಬ್ದಾರಿ ಹೊರಬಹುದು. ಆದರೆ ಅಮೆರಿಕವೇ ನನ್ನ ನೆಲೆ, ಇಲ್ಲವೇ ಗಂಡನ ಜೊತೆಗೇ ಅಲ್ಲಿಗೆ ಹೋಗಿ ನೆಲೆಸುತ್ತೇನೆ ಎಂಬುದನ್ನು ಅರ್ಜಿದಾರಳೇ ತೋರಿಸಬೇಕು. ಕೆಲಸದ ಪತ್ರ, ಮನೆ ನೋಡಿದ ದಾಖಲೆ, ಬ್ಯಾಂಕ್ ಖಾತೆ, ವರ್ಷವರ್ಷ ತುಂಬಿದ ತೆರಿಗೆ, ಇವೇ ಆಧಾರ. ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ದಿನ ಸರ್ಕಾರದ ಅಧಿಕೃತ ತಾಣವನ್ನೇ ನೋಡಿಕೊಳ್ಳಿ.

ಇನ್ನೊಂದು ಮಾತು, ಇದನ್ನು ಪ್ರತಿ ತಾಯಿಯೂ ಮಗಳಿಗೆ ಹೇಳಬೇಕು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ವಲಸೆ ಹೋದರೆ ಸಿಗುವುದು ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಇದು 1986ರ ಕಾನೂನು. ಷರತ್ತು ತೆಗೆಯಲು ಗಂಡ-ಹೆಂಡತಿ ಇಬ್ಬರೂ ಸೇರಿ ಅರ್ಜಿ ಹಾಕಬೇಕು. ಹೊಡೆಯುವ ಗಂಡ "ಸಹಿ ಹಾಕುವುದಿಲ್ಲ" ಎಂದರೆ? ಎಷ್ಟೋ ಹೆಣ್ಣುಮಕ್ಕಳು ಈ ಭಯಕ್ಕೇ ಬಾಯಿ ಮುಚ್ಚಿಕೊಂಡಿದ್ದರು. 1990ರಲ್ಲಿ ದೌರ್ಜನ್ಯಕ್ಕೆ ಒಳಗಾದವರು ಒಬ್ಬರೇ ಅರ್ಜಿ ಹಾಕಲು ವಿನಾಯಿತಿ ಬಂತು. 1994ರ ಕಾಯ್ದೆ, ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವ ಸಂಗಾತಿಯಿಂದ ದೌರ್ಜನ್ಯ ಅನುಭವಿಸಿದವರು ಅವರ ಸಹಿಯ ಹಂಗಿಲ್ಲದೆ ತಾವೇ ಅರ್ಜಿ ಸಲ್ಲಿಸುವ ದಾರಿ ಮಾಡಿತು. ಇದು ಗೊತ್ತಿದ್ದರೆ ಒಂದು ಜೀವ ಉಳಿಯಬಹುದು.

ದಯೆಯೋ, ಹಕ್ಕೋ?

1912ರಲ್ಲಿ ಹರ್ನಾಮ್ ಕೌರ್‌ಗೆ ಸಿಕ್ಕಿದ್ದು ದಯೆ. ಇಂದು ನನ್ನ ಮಗಳಿಗೆ ಅರ್ಜಿ ಹಾಕುವ ಹಕ್ಕಿದೆ, ಗಂಡನಿಗೆ ಸಂಖ್ಯೆಯ ಮಿತಿ ಇಲ್ಲ. ಹಾಗಾದರೆ ಜಗ್ಗಾಟ ಮುಗಿಯಿತೇ? ಇಲ್ಲ. ಸಾಂಡ್ರಾ ಮುನ್ಯೋಸ್ ಎಂಬ ಅಮೆರಿಕದ ವಕೀಲೆಯ ಗಂಡ ಎಲ್ ಸಾಲ್ವಡಾರ್ ದೇಶದವರು. ಅವರಿಗೆ ವೀಸಾ ನಿರಾಕರಿಸಿದಾಗ ಸರಿಯಾದ ಕಾರಣ ಹೇಳಿರೆಂದು ಆಕೆ ನ್ಯಾಯಾಲಯಕ್ಕೆ ಹೋದರು. 2024ರ ಜೂನ್ 21ರಂದು ಅಲ್ಲಿನ ಸುಪ್ರೀಂ ಕೋರ್ಟು 6-3ರ ಬಹುಮತದಿಂದ, ವಿದೇಶಿ ಸಂಗಾತಿಯನ್ನು ದೇಶದೊಳಗೆ ಬಿಟ್ಟುಕೊಳ್ಳಬೇಕೆಂದು ಕೇಳುವ ಮೂಲಭೂತ ಹಕ್ಕು ಪ್ರಜೆಗಿಲ್ಲ ಎಂದಿತು. ಕಾನೂನು ಕೊಟ್ಟಿರುವ ಅವಕಾಶವಿದೆ, ಸಂವಿಧಾನದ ಭರವಸೆಯಿಲ್ಲ. ಕಾನೂನು ಕೊಟ್ಟದ್ದನ್ನು ಇನ್ನೊಂದು ಕಾನೂನು ಕಿತ್ತುಕೊಳ್ಳಬಹುದು.

ಅರ್ಜಿ ಕಳಿಸಿದ ಮರು ಭಾನುವಾರ ನಾನು, ಮಗಳು, ಅಳಿಯ ಲೇಕ್ ಗಾರ್ಡನ್ಸ್‌ನಲ್ಲಿ ಬಜ್‌ಬಜ್ ಲೋಕಲ್ ಹತ್ತಿದೆವು. ಅಲ್ಲಿನ ಸ್ಮಾರಕ ಆಕಾಶಕ್ಕೆ ಎತ್ತಿದ ಕಿರ್ಪಾನಿನ ಆಕಾರದಲ್ಲಿದೆ. 1952ರಲ್ಲಿ ನೆಹರೂ ಅದನ್ನು ಉದ್ಘಾಟಿಸಿದರು. ಕೆನಡಾದ ಪ್ರಧಾನಿ ಟ್ರುಡೊ 2016ರ ಮೇ 18ರಂದು ತಮ್ಮ ಸಂಸತ್ತಿನಲ್ಲಿ ಕೊಮಗಾಟ ಮಾರುವಿಗಾಗಿ ಕ್ಷಮೆ ಕೇಳಿದರು. ನೂರೆರಡು ವರ್ಷ ಹಿಡಿಯಿತು. ಸ್ಮಾರಕದ ಮುಂದೆ ನಿಂತಾಗ ನನಗೆ ನೆನಪಾದದ್ದು ಆ ಹಡಗಿನಲ್ಲಿ ಇರದಿದ್ದ ಹೆಂಗಸರು. ಟಿಕೆಟ್ ಸಿಗದೆ, ಕಾಗದ ಸಿಗದೆ ಊರಲ್ಲೇ ಉಳಿದವರು. ಅವರ ಹೆಸರು ಎಲ್ಲೂ ಇಲ್ಲ.

ಮನೆಗೆ ಬಂದು ಅತ್ತೆಗೆ ಇದೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಹಾಗಾದರೆ ನಮ್ಮ ಹುಡುಗಿ ಪುರಾವೆ ಕೊಡೋದು ತಪ್ಪಲ್ಲ ಬಿಡು. ಅಷ್ಟು ಜನ ಹೆಂಗಸರು ಜಗಳ ಆಡಿದ್ದಕ್ಕೇ ಇವಳ ಕೈಗೆ ಆ ಫಾರಂ ಬಂದಿದೆ" ಎಂದರು. ಆಮೇಲೆ ಎದ್ದು ಹೋಗಿ ಬೀರುವಿನಿಂದ ಒಂದು ಫೋಟೋ ತಂದರು. ಧಾರೆಯ ದಿನ ಅವರೇ ಅಳಿಯನ ಹಣೆಗೆ ಕುಂಕುಮ ಇಡುತ್ತಿರುವ ಚಿತ್ರ. "ಇದನ್ನೂ ಸೇರಿಸಿ. ನನ್ನ ಸಾಕ್ಷಿನೂ ಇರಲಿ."

ಸೇರಿಸಿದ್ದೇವೆ. ಸಂದರ್ಶನದ ದಿನಕ್ಕೆ ಕಾಯುತ್ತಿದ್ದೇವೆ. ಊಟದ ಮೇಜು ಮತ್ತೆ ಊಟಕ್ಕೆ ಸಿಕ್ಕಿದೆ. ಕಡತದ ಒಂದು ಪ್ರತಿ ಮಾತ್ರ ಅತ್ತೆಯ ಬೀರುವಿನಲ್ಲಿ, ಅವರ ರೇಷ್ಮೆ ಸೀರೆಗಳ ಜೊತೆ ಭದ್ರವಾಗಿದೆ.